ಕಾಲೇಜು ಬಿಟ್ಟವರಿಗೂ ಒಂದು ಪರೀಕ್ಷೆ

ನಮ್ಮ ತಾಳಗುಪ್ಪ ರೈಲು ಹಳಿ ಮುಗಿಯುವ ಊರು. ಬೀರೂರು, ಶಿವಮೊಗ್ಗ, ಸಾಗರಗಳನ್ನು ದಾಟಿ ಬಂದ ಗಾಡಿಗೆ ಇಲ್ಲಿಂದ ಮುಂದೆ ದಾರಿಯಿಲ್ಲ. ಆದರೆ ಜೋಗಕ್ಕೆ ಹೋಗಬೇಕಾದವನ ಪ್ರಯಾಣ ಇಲ್ಲಿಗೆ ಮುಗಿಯುವುದಿಲ್ಲ; ಅವನು ಇಳಿದು ರಸ್ತೆಯನ್ನು ಹಿಡಿಯುತ್ತಾನೆ. ಕಾಲೇಜಿನ ಓದನ್ನು ಕುರಿತು ಯೋಚಿಸುವಾಗಲೆಲ್ಲ ನನಗೆ ನಮ್ಮೂರಿನ ಈ ನಿಲ್ದಾಣ ನೆನಪಾಗುತ್ತದೆ. ಪದವಿಯೆಂಬುದು ವಿದ್ಯೆಯ ಕೊನೆಯಲ್ಲವೆಂದು ಎಲ್ಲರೂ ಹೇಳುತ್ತಾರೆ. ಹಾಗಾದರೆ ನಡುವಿನ ನಿಲ್ದಾಣದಲ್ಲಿಯೇ ಇಳಿದು, ಸ್ವಂತ ದುಡಿಮೆಯನ್ನೂ ಸ್ವಂತ ಓದನ್ನೂ ನಂಬಿ ನಡೆದರೆ ತಪ್ಪೇನು? ಈ ಪ್ರಶ್ನೆ ನನ್ನ ಪಾಲಿಗೆ ಬರಿಯ ಚರ್ಚಾಸ್ಪರ್ಧೆಯ ವಿಷಯವಾಗಿರಲಿಲ್ಲ. ಎರಡನೆಯ ವರ್ಷದಲ್ಲಿ ನಾನು ಕಾಲೇಜು ಬಿಡಲು ನಿಶ್ಚಯಿಸಿದ್ದೆನು. ಆ ನಿಶ್ಚಯವೂ ಅದರ ಸುತ್ತ ನಾನು ಓದಿ ತಿಳಿದುದೂ ಈ ಲೇಖನದ ವಸ್ತು.

ನಮ್ಮ ತಂದೆಯವರು ಕೊನೆಗಾರರು. ಅವರ ಓದು ನಾಲ್ಕನೆಯ ತರಗತಿಗೆ ನಿಂತಿತು. ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಎರಡು ವರ್ಷದ ಹಿಂದೆ ಕೊನೆ ಕೊಯ್ಲಿನ ಕಾಲದಲ್ಲಿ ತಂದೆಯವರು ಮರದಿಂದ ಜಾರಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು. ಹೈಸ್ಕೂಲಿನ ದಿನಗಳಿಂದಲೂ ಅವರ ಜೊತೆಯಲ್ಲಿ ಮರ ಹತ್ತಿ ನನಗೆ ಅಭ್ಯಾಸವಿದೆ. ಈಗ ನಮ್ಮ ಕಡೆ ಕೊನೆಗಾರರು ಸಿಗುವುದೇ ಕಷ್ಟವಾದ್ದರಿಂದ ಕೂಲಿಯೂ ಚೆನ್ನಾಗಿದೆ. ಇತ್ತ ಕಾಲೇಜಿನಲ್ಲಿ ನಾನು ಮಾಡುತ್ತಿದ್ದುದಾದರೂ ಏನು? ಪರೀಕ್ಷೆಗೆ ಹತ್ತು ದಿನವಿರುವಾಗ ಗೈಡು ತಂದು ಬಾಯಿಪಾಠ ಮಾಡುವುದು, ಬರೆಯುವುದು, ಮರೆಯುವುದು. ಅದಕ್ಕಿಂತ ಹಗಲು ದುಡಿದು, ರಾತ್ರಿ ನನಗೆ ಬೇಕಾದ ಪುಸ್ತಕವನ್ನು ಓದಿಕೊಳ್ಳುವುದೇ ಮೇಲೆಂದು ತೋರಿತು. ಪಾಠಗಳೆಲ್ಲ ಮೊಬೈಲಿನಲ್ಲಿಯೇ ದೊರೆಯುವ ಈ ಕಾಲದಲ್ಲಿ ಬೆಂಚಿನ ಮೇಲೆ ಕುಳಿತೇ ಕಲಿಯಬೇಕೆಂಬ ಹಟವೇಕೆ?

ಹೀಗೆ ಯೋಚಿಸಿದವನು ನಾನೊಬ್ಬನೇ ಅಲ್ಲ. ಓದನ್ನು ನಡುವೆ ಬಿಡುವುದಕ್ಕೆ ನಮ್ಮ ರಾಜ್ಯದ ವ್ಯವಸ್ಥೆಯೇ ಸ್ವಲ್ಪ ಕಾಲ ಒಂದು ಬಾಗಿಲನ್ನು ತೆರೆದಿಟ್ಟಿತ್ತು. 2021-22ರಲ್ಲಿ ಜಾರಿಗೆ ಬಂದ ಪದ್ಧತಿಯಂತೆ ಒಂದು ವರ್ಷ ಓದಿ ಬಿಟ್ಟವರಿಗೆ ಸರ್ಟಿಫಿಕೇಟು, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರು ವರ್ಷಕ್ಕೆ ಪದವಿ, ನಾಲ್ಕು ವರ್ಷಕ್ಕೆ ಆನರ್ಸ್ ಎಂಬ ಏರ್ಪಾಡಿತ್ತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಯೇ ನಮ್ಮ ಕಾಲೇಜುಗಳಿಗೆ ಬಂದಿದೆ. ಪದ್ಧತಿ ಯಾವುದೇ ಇರಲಿ, ಹೊರಗೆ ಹೋಗುವ ಬಾಗಿಲನ್ನು ಸರ್ಕಾರ ತೋರಿಸಬಹುದೇ ಹೊರತು, ಹೊರಗೆ ಹೋದ ಮೇಲೆ ಕಲಿಯುವ ಬಗೆಯನ್ನು ತೋರಿಸಲಾರದು. ಅದನ್ನು ತಿಳಿಯಬೇಕಾದರೆ ಹಾಗೆ ಹೋಗಿ ಗೆದ್ದವರನ್ನು ನೋಡಬೇಕು.

ನಮ್ಮ ನಾಡಿನಲ್ಲಿ ಅಂಥವರ ಕೊರತೆಯಿಲ್ಲ. ಮೊದಲನೆಯವರು ಮಂಜೇಶ್ವರದ ಗೋವಿಂದ ಪೈಗಳು. 1883ರಲ್ಲಿ ಹುಟ್ಟಿದ ಅವರು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದರು. ಅಂತಿಮ ಪರೀಕ್ಷೆಯ ವೇಳೆಗೆ ತಂದೆಯ ಕಾಯಿಲೆಯ ಸುದ್ದಿ ಬಂದು, ಪರೀಕ್ಷೆಯನ್ನು ಪೂರೈಸದೆಯೇ ಊರಿಗೆ ಮರಳಿದರು. ಪದವಿ ಕೈತಪ್ಪಿತು, ಓದು ತಪ್ಪಲಿಲ್ಲ. ಮನೆಯಲ್ಲಿಯೇ ದೊಡ್ಡ ಪುಸ್ತಕಭಂಡಾರವನ್ನು ಕೂಡಿಸಿ, ಅನೇಕ ಭಾಷೆಗಳನ್ನು ಕಲಿತು, ಕವಿಗಳೂ ಇತಿಹಾಸದ ಸಂಶೋಧಕರೂ ಆದರು. 1949ರಲ್ಲಿ ಮದರಾಸು ಸರ್ಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು.

ಎರಡನೆಯವರು ಕೋಟದ ಶಿವರಾಮ ಕಾರಂತರು. 1902ರಲ್ಲಿ ಹುಟ್ಟಿದ ಅವರು ಅಸಹಕಾರ ಚಳವಳಿಯ ಕಾಲದಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದರು. ಮತ್ತೆ ಅದರ ಕಡೆ ತಿರುಗಲಿಲ್ಲ. ಪತ್ರಿಕೆ, ನಾಟಕ, ಕಾದಂಬರಿ, ಚಿತ್ರಕಲೆ, ಯಕ್ಷಗಾನ ಹೀಗೆ ಅವರು ಕೈಯಿಡದ ಕ್ಷೇತ್ರವಿಲ್ಲ. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು 1936ರಲ್ಲಿ ಹೊರತಂದರು, ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಬರೆದರು. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂದಿತು. ಪದವಿಯಿಲ್ಲದ ಅವರಿಗೆ ವಿಶ್ವವಿದ್ಯಾಲಯಗಳು ತಾವಾಗಿಯೇ ಗೌರವ ಡಾಕ್ಟರೇಟನ್ನು ಕೊಟ್ಟವು.

ಈ ಹೆಸರುಗಳನ್ನೆಲ್ಲ ಕೂಡಿಸಿಕೊಂಡು ನಾನು ತಂದೆಯವರ ಮುಂದೆ ವಾದ ಹೂಡಿದೆನು. ಅವರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೊನೆಯವರೆಗೆ ಕೇಳಿ, “ಬಿಡೋದಾದ್ರೆ ಬಿಡು ಮಗಾ, ಬ್ಯಾಡ ಅನ್ನಲ್ಲ. ಆದ್ರೆ ನೀ ತಪ್ಪು ಕಲ್ತ್ರೆ ನಿಂಗೆ ಹೇಳೋರು ಯಾರು?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಮಾತಿನ ಅರ್ಥ ನನಗೆ ಪೂರ್ತಿ ತಿಳಿದುದು ಮುಂದಿನ ಮಳೆಗಾಲದಲ್ಲಿ, ತೋಟಕ್ಕೆ ಔಷಧಿ ಹೊಡೆಯುವ ದಿನ. ಕೊಳೆರೋಗ ಬಾರದಂತೆ ಅಡಿಕೆಗೆ ಹೊಡೆಯುವ ಬೋರ್ಡೊ ದ್ರಾವಣವನ್ನು ನಮ್ಮ ಕಡೆಯವರೆಲ್ಲ ಬಲ್ಲರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆಯಾಗಿ ಕರಗಿಸಿ ಆಮೇಲೆ ಕೂಡಿಸಬೇಕು. ಅಳತೆಯನ್ನು ಸರಿಯಾಗಿಯೇ ಹಾಕಿದ್ದರೂ ತಂದೆಯವರು ಹಾಗೆಯೇ ಹೊಡೆಯಲು ಬಿಡುವುದಿಲ್ಲ. ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಎತ್ತುತ್ತಾರೆ. ಅಲಗು ಕೆಂಪಗಾದರೆ ಸುಣ್ಣ ಸಾಲದು, ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದು ಅರ್ಥ. ಹಾಗೆಯೇ ಹೊಡೆದರೆ ಗಿಡಕ್ಕೆ ಕೇಡು. ಸುಣ್ಣದ ತಿಳಿಯನ್ನು ಇನ್ನಷ್ಟು ಸೇರಿಸಿ, ಅಲಗು ಬೆಳ್ಳಗೆ ಉಳಿಯುವವರೆಗೆ ನೋಡುತ್ತಾರೆ. ನಾಲ್ಕನೆಯ ತರಗತಿ ಓದಿದ ಕೂಲಿಕಾರರು ತಮ್ಮ ಕೆಲಸವನ್ನು ತಾವೇ ಪರೀಕ್ಷೆಗೆ ಒಡ್ಡುವ ರೀತಿ ಇದು. ಗೈಡು ಓದಿ ಪಾಸಾದ ನನ್ನಲ್ಲಿ ಅಂಥ ಒಂದು ಕತ್ತಿ ಇರಲಿಲ್ಲ.

ಅಂದಿನಿಂದ ನಾನು ಮಹನೀಯರ ಜೀವನವನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆನು. ಅವರು ಏನನ್ನು ಬಿಟ್ಟರೆಂಬುದನ್ನಲ್ಲ, ಬಿಟ್ಟ ಮೇಲೆ ಅವರ ಪರೀಕ್ಷಕರು ಯಾರಾದರೆಂಬುದನ್ನು ಹುಡುಕಿದೆನು. ಗೋವಿಂದ ಪೈಗಳು ಒಬ್ಬ ಅರಸನ ಕಾಲವನ್ನೋ ಒಬ್ಬ ಕವಿಯ ಕಾಲವನ್ನೋ ನಿರ್ಣಯಿಸಿ ಬರೆದರೆ, ಅದನ್ನು ಓದುವವರು ಅದೇ ಶಾಸನಗಳನ್ನು ಬಲ್ಲ ಬೇರೆ ವಿದ್ವಾಂಸರು. ಕಾರಂತರು ಯಕ್ಷಗಾನವನ್ನು ಕುರಿತು ಬರೆಯಬೇಕಾದಾಗ ಭಾಗವತರನ್ನೂ ವೇಷಧಾರಿಗಳನ್ನೂ ಹುಡುಕಿಕೊಂಡು ಊರೂರು ತಿರುಗಿದರು. ತಾವೇ ಹೆಜ್ಜೆ ಹಾಕಿದರು. 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದು ಅವರ ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥಕ್ಕೆ. ರಂಗಸ್ಥಳದಲ್ಲಿ ತಾಳ ತಪ್ಪಿದವನಿಗೆ ಅಂಕಪಟ್ಟಿಯ ಅಗತ್ಯವಿಲ್ಲ, ಸಭೆಯೇ ಹೇಳುತ್ತದೆ.

ಈ ಮಾತಿಗೆ ಎಲ್ಲಕ್ಕಿಂತ ಸ್ಪಷ್ಟವಾದ ನಿದರ್ಶನ ಗಣಿತಜ್ಞ ರಾಮಾನುಜನ್ನರದು. ಕುಂಭಕೋಣದ ಕಾಲೇಜಿನಲ್ಲಿ ಗಣಿತವೊಂದನ್ನು ಬಿಟ್ಟು ಉಳಿದ ವಿಷಯಗಳನ್ನು ಕಡೆಗಣಿಸಿ ವಿದ್ಯಾರ್ಥಿವೇತನವನ್ನು ಕಳೆದುಕೊಂಡರು, ಮದರಾಸಿನಲ್ಲಿಯೂ ಎಫ್.ಎ. ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲ. 1912ರಲ್ಲಿ ಮದರಾಸಿನ ಬಂದರು ಕಚೇರಿಯಲ್ಲಿ ಗುಮಾಸ್ತರಾದರು. ಆ ಬಳಿಕ 1913ರ ಜನವರಿಯಲ್ಲಿ ಅವರು ಮಾಡಿದುದನ್ನು ಗಮನಿಸಬೇಕು. ತಮ್ಮ ಟಿಪ್ಪಣಿಗಳಲ್ಲಿನ ಫಲಗಳನ್ನು ಬರೆದು ಕೇಂಬ್ರಿಜ್ಜಿನ ಹಾರ್ಡಿಯವರಿಗೆ ಕಳುಹಿಸಿದರು. ಪರೀಕ್ಷೆಯಲ್ಲಿ ತಪ್ಪಿದ ವ್ಯಕ್ತಿ ಇನ್ನೂ ಕಠಿಣನಾದ ಪರೀಕ್ಷಕನನ್ನು ತಾನಾಗಿಯೇ ಅರಸಿಕೊಂಡು ಹೋದುದು ಇದು! ಹಾರ್ಡಿಯವರು ಬೆರಗಾದರು, ಜೊತೆಗೆ ಸಾಧನೆಗಳನ್ನೂ ಕೇಳಿದರು. ಕೆಲವು ಫಲಗಳು ಹಿಂದೆಯೇ ತಿಳಿದಿದ್ದವು; ಅವಿಭಾಜ್ಯ ಸಂಖ್ಯೆಗಳನ್ನು ಕುರಿತ ಕೆಲವು ತಪ್ಪಾಗಿದ್ದವು; ಉಳಿದವು ಜಗತ್ತು ಕಾಣದ ರತ್ನಗಳು. ಒಂಟಿಯಾಗಿ ಕುಳಿತವರಿಗೆ ಈ ಮೂರನ್ನು ಬೇರ್ಪಡಿಸುವುದು ರಾಮಾನುಜನ್ನರಂಥವರಿಗೂ ಸಾಧ್ಯವಾಗಲಿಲ್ಲ. 1914ರಲ್ಲಿ ಅವರು ಕೇಂಬ್ರಿಜ್ಜಿಗೆ ಹೋದರು, 1916ರಲ್ಲಿ ಸಂಶೋಧನೆಗಾಗಿ ಪದವಿ ಪಡೆದರು, 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು.

ಇಲ್ಲಿ ಇನ್ನೊಂದು ಮಾತನ್ನೂ ಮರೆಮಾಚಬಾರದು. ಗೋವಿಂದ ಪೈಗಳದು ಅನುಕೂಲಸ್ಥ ಮನೆತನ. ಪುಸ್ತಕ ಕೊಳ್ಳಲು ಅವರಿಗೆ ಕೂಲಿಯ ಲೆಕ್ಕ ಹಾಕಬೇಕಾಗಿರಲಿಲ್ಲ. ನಮ್ಮಂಥ ಮೊದಲ ತಲೆಮಾರಿನವರ ಮನೆಯಲ್ಲಿ ಪುಸ್ತಕದ ಕಪಾಟಿಲ್ಲ, ಓದಿದುದನ್ನು ಚರ್ಚಿಸುವ ಚಿಕ್ಕಪ್ಪ ದೊಡ್ಡಪ್ಪಂದಿರಿಲ್ಲ. ನಮ್ಮ ಪಾಲಿಗೆ ಸರ್ಕಾರಿ ಕಾಲೇಜೇ ಪುಸ್ತಕಭಂಡಾರ, ಅದೇ ವಿದ್ವಾಂಸರ ಸಭೆ. ಅದನ್ನು ಬಿಡುವಾಗ ಉಳ್ಳವನು ಕಳೆದುಕೊಳ್ಳುವುದು ಒಂದು ಕಾಗದವನ್ನು. ನಾವು ಕಳೆದುಕೊಳ್ಳುವುದು ಅದಕ್ಕಿಂತ ಹೆಚ್ಚಿನದನ್ನು.

ಹಾಗೆಂದು ಬಿಟ್ಟವರೆಲ್ಲ ಕೆಟ್ಟರೆಂದು ನಾನು ಹೇಳಲಾರೆ. ನಮ್ಮ ತರಗತಿಯ ಗೆಳೆಯನೊಬ್ಬನು ಮೊದಲ ವರ್ಷದಲ್ಲಿಯೇ ಬಿಟ್ಟು ಬೈಕು ರಿಪೇರಿಯ ಗ್ಯಾರೇಜಿಗೆ ಸೇರಿದನು. ಮೊನ್ನೆ ಅವನಲ್ಲಿಗೆ ಹೋದಾಗ, ಇಂಜಿನ್ನಿನ ಸದ್ದನ್ನು ಕೇಳಿಯೇ ದೋಷ ಯಾವುದೆಂದು ಹೇಳುತ್ತಿದ್ದನು. “ನಿಮ್ಗೆ ರಿಸಲ್ಟ್ ಬರೋಕೆ ತಿಂಗಳುಗಟ್ಲೆ ಬೇಕು ಮಾರಾಯ, ನಂಗೆ ಕಿಕ್ ಹೊಡೆದ ಕೂಡ್ಲೇ ಬರ್ತದೆ” ಎಂದು ನಕ್ಕನು. ಅವನಿಗೆ ಪರೀಕ್ಷಕನಿದ್ದಾನೆ, ಆದುದರಿಂದ ಅವನು ಕಲಿಯುತ್ತಿದ್ದಾನೆ. ಕಾಲೇಜಿನ ಒಳಗಿದ್ದೂ ಕಲಿಯದವರು ಹಲವರು. ಅಂಥವರಲ್ಲಿ ನಾನೂ ಒಬ್ಬನಾಗಿದ್ದೆನೆಂಬುದು ಒಂದು ಸಂಜೆ ಬಯಲಾಯಿತು.

ಇತಿಹಾಸದಲ್ಲಿ ನನಗೆ ಒಳ್ಳೆಯ ಅಂಕಗಳು ಬಂದಿದ್ದವು. ಆ ಸಂತೋಷದಲ್ಲಿದ್ದಾಗ ತಂದೆಯವರು, “ಕಾಗೋಡಿನಲ್ಲಿ ಕೊಳಗದ ಜಗಳ ಆಯ್ತಲ್ಲ, ಆ ಕೊಳಗ ಎಷ್ಟು ಸೇರಿಂದು?” ಎಂದು ಕೇಳಿದರು. 1951ರ ಕಾಗೋಡು ಸತ್ಯಾಗ್ರಹ ನಮ್ಮ ತಾಲ್ಲೂಕಿನದೇ. ಗೇಣಿ ಭತ್ತವನ್ನು ಅಳೆಯುವ ಕೊಳಗದ ಅಳತೆಯ ತಕರಾರಿನಿಂದ ಅದು ಹೊತ್ತಿಕೊಂಡಿತು, ರಾಮಮನೋಹರ ಲೋಹಿಯಾ ಅವರು ಬಂದು ಬಂಧಿತರಾದರು, 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿ ಪದ್ಧತಿಯೇ ರದ್ದಾಯಿತು; ಇಷ್ಟನ್ನು ನಾನು ಒಂದೇ ಉಸಿರಿನಲ್ಲಿ ಹೇಳಬಲ್ಲವನಾಗಿದ್ದೆನು. ನಮ್ಮ ಅಜ್ಜನೂ ಗೇಣಿ ಅಳೆದವರು. ಆದರೆ ಕೊಳಗ ಎಷ್ಟು ದೊಡ್ಡದು? ತಿಳಿಯದು.

ಆ ರಜೆಯಲ್ಲಿ ನಾನು ಒಂದು ನೋಟ್‌ಬುಕ್ಕು ಹಿಡಿದು ಸುತ್ತಮುತ್ತಲ ಊರುಗಳ ಹಿರಿಯರನ್ನು ಕಂಡೆನು. ಒಬ್ಬರು ಹೇಳಿದ ಲೆಕ್ಕ ಮತ್ತೊಬ್ಬರದಕ್ಕೆ ಕೂಡಲಿಲ್ಲ. ಎಲ್ಲವನ್ನೂ ಬರೆದುಕೊಂಡು ನಮ್ಮ ಇತಿಹಾಸದ ಅಧ್ಯಾಪಕರಿಗೆ ಒಪ್ಪಿಸಿದೆನು. ಅವರು ಮೆಚ್ಚಿ ಬೆನ್ನು ತಟ್ಟುವರೆಂಬ ಆಸೆ ನನಗಿದ್ದಿತು. ಮೂರು ದಿನದ ಮೇಲೆ ಪುಸ್ತಕ ಹಿಂದಕ್ಕೆ ಬಂದಾಗ ಅಂಚಿನ ತುಂಬ ಕೆಂಪು ಮಸಿ. “ಯಾರ ಮನೆಯ ಕೊಳಗ?” “ಇವರು ಕಂಡವರೋ, ಕೇಳಿದವರೋ?” “ಆಗ ಇವರ ವಯಸ್ಸೆಷ್ಟು?” “ಅಳೆಯುವ ಕೊಳಗವೂ ಕೊಡುವ ಕೊಳಗವೂ ಒಂದೆಯೋ?” ಅದನ್ನು ಓದುತ್ತಿದ್ದಂತೆ ತಂದೆಯವರ ಕತ್ತಿಯ ಅಲಗು ನೆನಪಾಯಿತು. ನನ್ನ ದ್ರಾವಣ ಕೆಂಪಗೆ ಕಂಡಿತ್ತು. ಇನ್ನೂ ಸುಣ್ಣ ಬೇಕಾಗಿತ್ತು. ಕಾಲೇಜಿಗೆ ಸೇರಿದ ಮೇಲೆ ನಾನು ನಿಜವಾಗಿ ಪರೀಕ್ಷೆಗೆ ಕುಳಿತುದು ಅದೇ ಮೊದಲು. ಆ ಪರೀಕ್ಷೆಗೆ ಪ್ರವೇಶಪತ್ರ ಇರಲಿಲ್ಲ, ಅಂಕವೂ ಇರಲಿಲ್ಲ. ಕಾಲೇಜನ್ನು ಬಿಟ್ಟಿದ್ದರೆ ಆ ಕೆಂಪು ಮಸಿಯೂ ನನಗೆ ಸಿಕ್ಕುತ್ತಿರಲಿಲ್ಲ.

ಹೀಗೆ ನಾನು ಕಾಲೇಜಿನಲ್ಲಿ ಉಳಿದೆನು. ತಂದೆಯವರು ಈಗ ಎತ್ತರದ ಮರಗಳನ್ನು ಹತ್ತುವುದಿಲ್ಲ. ರಜೆಯ ದಿನಗಳಲ್ಲಿ ನಾನೇ ಹತ್ತುತ್ತೇನೆ. ಇದರಿಂದ ಕೆಲವು ತರಗತಿಗಳು ತಪ್ಪಿವೆ, ಮನೆಯ ಸಾಲ ಪೂರ್ತಿ ತೀರಿಲ್ಲ. ಉಳಿದುದು ಸರಿಯಾಯಿತೆಂದು ಲಾಭದ ಲೆಕ್ಕ ತೋರಿಸಲು ನನ್ನಿಂದಾಗದು. ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರು ಮೈಸೂರಿನಲ್ಲಿ ಪದವಿಯನ್ನು ಮುಗಿಸಿ, ಊರಿಗೆ ಮರಳಿ, 1949ರಲ್ಲಿ ಹುಟ್ಟಿದ್ದ ನೀನಾಸಮ್ಮನ್ನು ದೇಶವೇ ತಿರುಗಿ ನೋಡುವಂತೆ ಬೆಳೆಸಿದರು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಅವರಿಗೆ ಬಂದಿತು. ಮುಗಿಸಿ ಬಂದವರೂ ನಡುವೆ ಬಿಟ್ಟವರೂ ನಮ್ಮ ನೆಲದಲ್ಲಿ ದೊಡ್ಡವರಾಗಿದ್ದಾರೆ. ಆದುದರಿಂದ ಇರುವುದೋ ಬಿಡುವುದೋ ಎಂಬುದು ಎರಡನೆಯ ಪ್ರಶ್ನೆ.

ಮೊದಲನೆಯ ಪ್ರಶ್ನೆ ನಮ್ಮ ತಂದೆಯವರದು. ಬಿಡಬೇಕೆಂದಿರುವ ಮಿತ್ರರು, ತಪ್ಪು ಕಲಿತರೆ ತಮಗೆ ಹೇಳುವವರು ಯಾರೆಂಬುದನ್ನು ಗೊತ್ತುಮಾಡಿಕೊಂಡು ಹೊರಡಲಿ. ಇರುವವರು ಅದೇ ಪ್ರಶ್ನೆಯನ್ನು ಗೈಡು ತೆರೆಯುವ ಮೊದಲು ತಮ್ಮನ್ನು ಕೇಳಿಕೊಳ್ಳಲಿ. ನನ್ನ ನೋಟ್‌ಬುಕ್ಕಿನ ಕೆಂಪು ಮಸಿಯ ಪ್ರಶ್ನೆಗಳಲ್ಲಿ ಎರಡಕ್ಕೆ ಮಾತ್ರ ಇದುವರೆಗೆ ಉತ್ತರ ದೊರೆತಿದೆ. ಬರುವ ತಿಂಗಳು ಅಂತಿಮ ಪರೀಕ್ಷೆ ಮುಗಿಯುತ್ತದೆ. ಉಳಿದ ಪ್ರಶ್ನೆಗಳನ್ನು ಹಿಡಿದು ನಾನು ಮತ್ತೆ ಊರೂರು ನಡೆಯಬೇಕಾಗಿದೆ.