ಮಕ್ಕಳೊಂದಿಗೆ ವನಭೋಜನ: ಒಲೆ ಹಚ್ಚುವ ಪಾಠ



ಕಾರ್ತಿಕ ಮಾಸದಲ್ಲಿ ನೆಲ್ಲಿಮರದ ಕೆಳಗೆ ಅಡಿಗೆ ಮಾಡಿ, ದೇವರಿಗೆ ನೈವೇದ್ಯ ಇಟ್ಟು, ಎಲ್ಲರೂ ಸಾಲಾಗಿ ಕುಳಿತು ಉಣ್ಣುವ ವನಭೋಜನ ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಇಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕಾರ್ತಿಕ ಬರುವ ಹೊತ್ತಿಗೆ ಚಳಿ, ಮಳೆ ಶುರುವಾಗಿರುತ್ತದೆ. ಆದ್ದರಿಂದ ನಾವು ನಾಲ್ಕೈದು ಮನೆಯವರು ಸೇರಿ, ಶಾಲೆಗೆ ಬೇಸಿಗೆ ರಜೆ ಬಿಟ್ಟ ಕೂಡಲೇ ಒಂದು ವಾರಾಂತ್ಯ ಕ್ಯಾಂಪಿಂಗ್ ಹೋಗುವ ರೂಢಿ ಇಟ್ಟುಕೊಂಡಿದ್ದೇವೆ. ನಿಯಮ ಒಂದೇ: ಒಂದು ಮನೆಯಿಂದ ಒಬ್ಬರು ದೊಡ್ಡವರು, ಒಂದು ಮಗು. ಅಪ್ಪ-ಮಗಳು, ಅಮ್ಮ-ಮಗ, ಹೇಗಾದರೂ ಸರಿ. ಮನೆಮಂದಿಯೆಲ್ಲ ಹೋದರೆ ಏನಾಗುತ್ತದೆಂದು ನಿಮಗೇ ಗೊತ್ತು. ಅಮ್ಮಂದಿರು ಕಾಡಿನಲ್ಲೂ ಅಡಿಗೆ ಮಾಡುತ್ತಾರೆ, ಅಪ್ಪಂದಿರು ಕುರ್ಚಿ ಹಾಕಿಕೊಂಡು ಮನೆ ಬೆಲೆಯ ಬಗ್ಗೆ ಮಾತಾಡುತ್ತಾರೆ, ಮಕ್ಕಳು ಕಣ್ಣಿಗೇ ಬೀಳುವುದಿಲ್ಲ. ಇಬ್ಬರೇ ಹೋದಾಗ ಮಗುವಿನ ಕೈಗೆ ಕೆಲಸ ಬರಲೇಬೇಕು.

ಮೊದಲ ಸಲ ಹೋಗುವವರಿಗೆ ಪಾಠದ ಹಾಗೆ ಬರೆದುಕೊಡಿ ಎಂದು ಕೇಳಿದ್ದಾರೆ. ನಾನು ಕಲಿತದ್ದೆಲ್ಲ ತಪ್ಪು ಮಾಡಿಯೇ. ಅದನ್ನೇ ಬರೆಯುತ್ತೇನೆ.

ನಾವು ಹೋಗುವುದು ಕ್ಯಾಲವೆರಸ್ ಬಿಗ್ ಟ್ರೀಸ್ ಸ್ಟೇಟ್ ಪಾರ್ಕ್‌ಗೆ. ಹೈವೇ 4ರಲ್ಲಿ ಆರ್ನಲ್ಡ್ ಊರು ದಾಟಿದರೆ ಸಿಗುತ್ತದೆ; ಬೇ ಏರಿಯಾದಿಂದ ಸುಮಾರು ಮೂರು ಗಂಟೆ ದಾರಿ. ಸಮುದ್ರಮಟ್ಟದಿಂದ ಸುಮಾರು 4,700 ಅಡಿ ಎತ್ತರ. ಅಲ್ಲಿನ ದೈತ್ಯ ಸಿಕ್ವೊಯಾ ಮರಗಳನ್ನು ನೋಡಲೆಂದೇ ಜನ ಬರುತ್ತಾರೆ. ಅವುಗಳಲ್ಲಿ ಒಂದನ್ನು 1853ರಲ್ಲಿ ಬರೀ ಪ್ರದರ್ಶನಕ್ಕಾಗಿ ಕಡಿದು ಬೀಳಿಸಿದರು. ಗರಗಸಕ್ಕೆ ನಿಲುಕದಷ್ಟು ದಪ್ಪ, ಹಾಗಾಗಿ ಸುತ್ತಲೂ ತೂತು ಕೊರೆದು ಬೀಳಿಸಲು 22 ದಿನ ಹಿಡಿಯಿತಂತೆ. ಆ ಬೊಡ್ಡೆಯ ಮೇಲೆ ಆಮೇಲೆ ಜನ ನೃತ್ಯ ಮಾಡುತ್ತಿದ್ದರು. ಬೊಡ್ಡೆ ಇಂದಿಗೂ ಇದೆ. ನಮ್ಮ ಮಕ್ಕಳೆಲ್ಲ ಅದರ ಮೇಲೆ ಹತ್ತಿ ನಿಂತರೂ ಇನ್ನೂ ಜಾಗ ಉಳಿಯಿತು. 1931ರಿಂದ ಇದು ಸ್ಟೇಟ್ ಪಾರ್ಕ್. ಜಾಗವನ್ನು ಆರು ತಿಂಗಳ ಮುಂಚೆಯೇ ಕಾದಿರಿಸಬಹುದು. ಬೇಸಿಗೆಯ ವಾರಾಂತ್ಯಗಳು ಬೇಗ ತುಂಬಿಹೋಗುತ್ತವೆ, ತಡ ಮಾಡಬೇಡಿ.

ಈಗ ಅಡಿಗೆಯ ವಿಷಯ. ಮೊದಲ ವರ್ಷ ನನ್ನ ಲೆಕ್ಕ ಹೀಗಿತ್ತು: ಅನ್ನ, ಹುಳಿ, ಹಪ್ಪಳ. ತೊಗರಿಬೇಳೆಯನ್ನು ತಪ್ಪಲೆಯಲ್ಲಿ ಹಾಕಿ ಬೆಂಕಿಯ ಮೇಲಿಟ್ಟೆ. ಒಂದು ಗಂಟೆ ಆಯಿತು, ಒಂದೂವರೆ ಗಂಟೆ ಆಯಿತು, ಬೇಳೆ ಕಾಳು ಕಾಳಾಗಿಯೇ ಇತ್ತು. ಮಕ್ಕಳು ಹಸಿವಿನಿಂದ ಬ್ರೆಡ್ ಪ್ಯಾಕೆಟ್ ಒಡೆದರು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ನೀರು ಬೇಗ ಕುದಿಯಲು ಶುರುವಾಗುತ್ತದೆ. ಅಲ್ಲಿ ನೀರು ಕುದಿಯುವುದು ಸುಮಾರು 95 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎಷ್ಟೇ ಸೌದೆ ಒಟ್ಟಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ. ಮನೆಯ ಪ್ರೆಷರ್ ಕುಕ್ಕರಿನೊಳಗೆ ಸುಮಾರು 120 ಡಿಗ್ರಿ ಇರುತ್ತದೆ. ಸಾಲದ್ದಕ್ಕೆ ನಾನು ಹುಣಸೆಹುಳಿಯನ್ನೂ ಮೊದಲೇ ಹಾಕಿಬಿಟ್ಟಿದ್ದೆ. ಹುಳಿ ಬಿದ್ದ ಮೇಲೆ ಬೇಳೆ ಬೇಯುವುದು ಇನ್ನೂ ಕಷ್ಟ. ನಮ್ಮ ಅಮ್ಮನಿಗೆ ಇದು ಓದದೆಯೇ ಗೊತ್ತಿತ್ತು. ಎಂಜಿನಿಯರಿಂಗ್ ಓದಿದ ನನಗೆ ಗೊತ್ತಿರಲಿಲ್ಲ.

ಹಾಗಾಗಿ ಈಗ ತೊಗರಿಬೇಳೆ ಬೇಕೆಂದರೆ ಗ್ಯಾಸ್ ಸ್ಟವ್ ಮೇಲೆ ಕುಕ್ಕರ್ ಇಡುತ್ತೇವೆ. ಕುಕ್ಕರನ್ನು ಸೌದೆ ಬೆಂಕಿಗೆ ಇಡಬೇಡಿ, ಹಿಡಿ ಕರಗುತ್ತದೆ, ಉರಿಯೂ ಹಿಡಿತಕ್ಕೆ ಸಿಗುವುದಿಲ್ಲ. ತಪ್ಪಲೆಯಲ್ಲೇ ಆಗಬೇಕೆಂದರೆ ನೆನೆಸಿದ ಹೆಸರುಬೇಳೆ ಒಯ್ಯಿರಿ, ಬೇಗ ಬೇಯುತ್ತದೆ. ಮೊದಲ ರಾತ್ರಿಗೆ ಮನೆಯಿಂದ ತಂದ ಚಪಾತಿ, ಪುಳಿಯೋಗರೆ ಸಾಕು; ಕತ್ತಲಲ್ಲಿ ಟೆಂಟ್ ಹಾಕಿ ಸುಸ್ತಾದವರು ಅಡಿಗೆ ಮಾಡುವುದು ಬೇಡ. ಬೆಳಗ್ಗೆ ಉಪ್ಪಿಟ್ಟಿಗೆ ರವೆಯನ್ನು ಮನೆಯಲ್ಲೇ ಹುರಿದು, ಸಾಸಿವೆ, ಕಡಲೆಬೇಳೆ, ಕರಿಬೇವಿನ ಒಗ್ಗರಣೆ ಸೇರಿಸಿ ಡಬ್ಬಿಗೆ ತುಂಬಿಕೊಂಡು ಹೋದರೆ ಏಳು ವರ್ಷದ ಮಗುವೂ ದೊಡ್ಡವರು ಪಕ್ಕದಲ್ಲಿದ್ದರೆ ಉಪ್ಪಿಟ್ಟು ಮಾಡಬಲ್ಲದು.

ನಿಜವಾದ ಪಾಠವೆಂದರೆ ಶನಿವಾರ ಸಂಜೆಯ ಒಲೆ.

ನಮ್ಮೂರು ಸಾಗರದ ಕಡೆ. ಅಡಿಗೆಮನೆಗೆ ಗ್ಯಾಸ್ ಬಂದ ಮೇಲೂ ಬಚ್ಚಲೊಲೆ ಸೌದೆಯದೇ. ಸಣ್ಣವನಿದ್ದಾಗ ಹಂಡೆಗೆ ಬೆಂಕಿ ಹಾಕುವುದು ನನ್ನ ಕೆಲಸವಾಗಿತ್ತು. ಆದ್ದರಿಂದ ಬಹಳ ಧೈರ್ಯದಿಂದ ಕುಳಿತೆ. ಹತ್ತು ಕಡ್ಡಿ ಗೀರಿದರೂ ಹೊತ್ತಲಿಲ್ಲ! ಊರಿನಲ್ಲಿ ದರಗು, ಅಡಿಕೆ ಸಿಪ್ಪೆ, ತೆಂಗಿನ ಗರಿ ಎಲ್ಲ ಕೈಗೆಟುಕುವಂತೆ ಇರುತ್ತಿದ್ದವು. ಇಲ್ಲಿ ಪಾರ್ಕಿನ ನೆಲದಿಂದ ಒಂದು ಕಡ್ಡಿಯನ್ನೂ ಆರಿಸಿಕೊಳ್ಳುವಂತಿಲ್ಲ. ಬಿದ್ದ ಮರವೇ ಅಲ್ಲಿನ ಮಣ್ಣಿಗೆ ಗೊಬ್ಬರ, ಹುಳಹುಪ್ಪಟೆಗೆ ಮನೆ. ಮನೆಯಿಂದ ಸೌದೆ ಒಯ್ಯುವುದೂ ತಪ್ಪು, ಅದರೊಳಗೆ ಅಡಗಿದ ಕೊರೆಹುಳುಗಳು ಹೊಸ ಕಾಡಿಗೆ ಹರಡುತ್ತವೆ. ಸೌದೆಯನ್ನು ಅಲ್ಲೇ ಕೊಳ್ಳಬೇಕು. ಆ ಕಟ್ಟಿನಲ್ಲಿ ಇರುವುದೆಲ್ಲ ದಪ್ಪ ಸೀಳು. ಅದಕ್ಕೆ ನೇರವಾಗಿ ಬೆಂಕಿ ಹಿಡಿಯುವುದಿಲ್ಲ. ದೊಡ್ಡವರು ಸಣ್ಣ ಕೊಡಲಿಯಿಂದ ಒಂದೆರಡು ಸೀಳನ್ನು ಬೆರಳಿನಷ್ಟು ತೆಳ್ಳಗೆ ಚಕ್ಕೆ ಮಾಡಿಕೊಡಬೇಕು. ಕೆಳಗೆ ಉಂಡೆ ಮಾಡಿದ ಕಾಗದ, ಅದರ ಮೇಲೆ ಚಕ್ಕೆ, ಅವು ಹೊತ್ತಿದ ಮೇಲೆ ಹೆಬ್ಬೆರಳಿನ ಗಾತ್ರದವು, ಕೊನೆಗೆ ದಪ್ಪ ಸೌದೆ. ನಡುವೆ ಗಾಳಿಯಾಡಲು ಜಾಗ ಬಿಡಬೇಕು. ಮಕ್ಕಳು ಯಾವಾಗಲೂ ಒತ್ತೊತ್ತಾಗಿ ತುರುಕುತ್ತಾರೆ. ತುರುಕಲಿ, ಆರಿಹೋಗಲಿ. ಎರಡನೇ ಸಲ ತಾವೇ ಬಿಡಿಸಿ ಇಡುತ್ತಾರೆ.

ನಮ್ಮಲ್ಲಿ ಒಬ್ಬರು ಜೇಬಿನಿಂದ ಕರ್ಪೂರದ ಡಬ್ಬಿ ತೆಗೆದು ಎರಡು ಬಿಲ್ಲೆ ಇಟ್ಟರು. ಕ್ಷಣದಲ್ಲಿ ಹೊತ್ತಿಕೊಂಡಿತು. ಐದು ವರ್ಷದ ಪುಟ್ಟ ಹುಡುಗನೊಬ್ಬ ಆರತಿ ತೆಗೆದುಕೊಳ್ಳಲು ಎರಡೂ ಕೈ ಮುಂದೆ ಚಾಚಿದ!

ಬೆಂಕಿ ಹಚ್ಚುವ ಮೊದಲು ಒಂದು ಬಕೆಟ್ ನೀರು ಪಕ್ಕದಲ್ಲಿರಬೇಕು. ಉದ್ದ ಕೂದಲಿಗೆ ಜಡೆ, ನೈಲಾನ್ ಜಾಕೆಟ್ ಬದಲು ಹತ್ತಿ ಬಟ್ಟೆ. ಮಲಗುವ ಮುನ್ನ ನೀರು ಸುರಿದು, ಕೋಲಿನಿಂದ ಕಲಸಿ, ಮತ್ತೆ ಸುರಿದು, ಕೈಹಿಂಭಾಗವನ್ನು ಹತ್ತಿರ ಹಿಡಿದು ತಣ್ಣಗಾಗಿದೆಯೇ ನೋಡಬೇಕು. ಮಣ್ಣು ಮುಚ್ಚಿ ಬಿಡುವವರು ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಮೇಲೆ ತಣ್ಣಗೆ ಕಂಡರೂ ಒಳಗೆ ಕೆಂಡ ಬೆಳಗಿನವರೆಗೂ ಇರುತ್ತದೆ. ಮರುದಿನ ಬರಿಗಾಲಲ್ಲಿ ಓಡಿಬರುವ ಮಗುವಿಗೆ ಅದು ಕಾಣುವುದಿಲ್ಲ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಎಷ್ಟೇ ಚಳಿಯಾದರೂ ಕೆಂಡದ ಬಾಣಲೆಯನ್ನಾಗಲಿ, ಗ್ಯಾಸ್ ಸ್ಟವ್‌ನ್ನಾಗಲಿ ಟೆಂಟಿನೊಳಗೆ ತರಬಾರದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವಾಗುವುದೇ ಇಲ್ಲ. ಒಣ ಬೇಸಿಗೆಯಲ್ಲಿ ಕೆಲವೊಮ್ಮೆ ಸೌದೆ ಬೆಂಕಿಯನ್ನೇ ನಿಷೇಧಿಸಿರುತ್ತಾರೆ. ಹೊರಡುವ ಹಿಂದಿನ ದಿನ ವಿಚಾರಿಸಿ.

ಅಡಿಗೆ ಮಾಡುವುದು ಉರಿಯ ಮೇಲಲ್ಲ, ಕೆಂಡದ ಮೇಲೆ. ಇದನ್ನು ಮಕ್ಕಳಿಗೆ ನಂಬಿಸುವುದೇ ಕಷ್ಟ. ಸೌದೆ ಉರಿದು ಕೆಂಡವಾಗಲು ಮುಕ್ಕಾಲು ಗಂಟೆಯಾದರೂ ಬೇಕು. ಆ ಸಮಯದಲ್ಲಿ ನಾನು ಮಗಳಿಗೆ ಕನ್ನಡ ಹೇಳಿಕೊಟ್ಟೆ ಎಂದರೆ ಸುಳ್ಳಾಗುತ್ತದೆ, ಕೆಲಸವೇ ಹೇಳಿಕೊಟ್ಟಿತು. "ಆ ಕೊಳ್ಳಿ ಹಿಂದಕ್ಕೆ ಎಳಿ," "ಕೆಂಡ ಕೆದಕು," "ಇಕ್ಕಳ ಕೊಡು," "ಹೊಗೆ ಬಂತು, ಈ ಕಡೆ ಬಾ." ಈ ಮಾತುಗಳಿಗೆಲ್ಲ ನನ್ನ ಬಾಯಲ್ಲಿ ಇಂಗ್ಲಿಷ್ ಇಲ್ಲವೇ ಇಲ್ಲ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಅಂದು ಅರ್ಧ ಗಂಟೆಯಲ್ಲಿ "ಅಪ್ಪ, ಕೆಂಡದ ಮೇಲೆ ಬೂದಿ ಬಂದಿದೆ, ಈಗ ಇಡಲಾ?" ಎಂದು ಕೇಳಿದಳು.

ಇಟ್ಟದ್ದು ಬದನೆಕಾಯಿ. ದೊಡ್ಡ ಗುಂಡು ಬದನೆಕಾಯಿಗೆ ಎಣ್ಣೆ ಸವರಿ, ನಾಲ್ಕು ಕಡೆ ಚುಚ್ಚಿ, ಕೆಂಡದಲ್ಲೇ ಇಟ್ಟು ತಿರುಗಿಸುತ್ತಾ ಇರಬೇಕು. ಚುಚ್ಚದಿದ್ದರೆ ಸಿಡಿಯುತ್ತದೆ. ಸಿಪ್ಪೆ ಕರಿಕಲಾಗಿ ಕಾಯಿ ಕುಸಿದ ಮೇಲೆ ತೆಗೆದು, ಆರಿಸಿ, ಸುಲಿದು, ಹಸಿಮೆಣಸಿನಕಾಯಿ, ಉಪ್ಪು, ಹುಣಸೆರಸ, ಚೂರು ಬೆಲ್ಲ ಹಾಕಿ ಕಿವುಚಿ ಒಗ್ಗರಣೆ ಕೊಟ್ಟರೆ ಗೊಜ್ಜು. ಮನೆಯ ಓವನ್‌ನಲ್ಲಿ ಮಾಡಿದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಗೆಣಸನ್ನು ಬೂದಿಯಲ್ಲಿ ಹೂತಿಟ್ಟರೆ ಊಟ ಮುಗಿಯುವಷ್ಟರಲ್ಲಿ ಸಿಹಿತಿಂಡಿ ಸಿದ್ಧ. ಮಾರ್ಷ್‌ಮ್ಯಾಲೊ ಸುಡುವುದು ಮಕ್ಕಳಿಗೆ ಇಷ್ಟ. ಆದರೆ ಸಾಮಾನ್ಯ ಮಾರ್ಷ್‌ಮ್ಯಾಲೊದಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಸಸ್ಯಾಹಾರಿಗಳಿಗೆಂದೇ ಮಾಡಿದವು ಸಿಗುತ್ತವೆ, ಪ್ಯಾಕೆಟ್ ಓದಿ ಕೊಳ್ಳಿ.

ಊಟವಾದ ಮೇಲೆ ಒಂದು ಕಾಳನ್ನೂ ಹೊರಗೆ ಬಿಡುವಂತಿಲ್ಲ. ಕರಡಿಗಳಿವೆ. ಅಕ್ಕಿ, ತುಪ್ಪ, ಉಪ್ಪಿನಕಾಯಿ ಮಾತ್ರವಲ್ಲ, ಟೂತ್‌ಪೇಸ್ಟ್, ಸೋಪು, ಊದಿನಕಡ್ಡಿ, ಹೀಗೆ ವಾಸನೆಯಿರುವ ಎಲ್ಲವೂ ಅಲ್ಲಿಟ್ಟಿರುವ ಕಬ್ಬಿಣದ ಪೆಟ್ಟಿಗೆಯೊಳಗೆ ಹೋಗಬೇಕು. ಮನುಷ್ಯರ ತಿಂಡಿಯ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕಡೆಗೆ ಅದನ್ನು ಕೊಲ್ಲಬೇಕಾಗಿ ಬರಬಹುದು. ನಮ್ಮ ಅಸಡ್ಡೆಗೆ ಅದಕ್ಕೆ ಶಿಕ್ಷೆ.

ಮಕ್ಕಳು ಪಾತ್ರೆ ತೊಳೆಯುವಾಗ ಪಾಂಡವರ ವನವಾಸದ ಕಥೆ ಹೇಳಿದೆ. ಸೂರ್ಯ ಧರ್ಮರಾಯನಿಗೆ ಅಕ್ಷಯಪಾತ್ರೆ ಕೊಟ್ಟದ್ದು, ದ್ರೌಪದಿ ಉಂಡ ಮೇಲೆ ಆ ದಿನಕ್ಕೆ ಅದು ಬರಿದಾಗುತ್ತಿದ್ದುದು, ಅಂಥ ಹೊತ್ತಿನಲ್ಲೇ ದೂರ್ವಾಸರು ಶಿಷ್ಯರೊಡನೆ ಬಂದು ಸ್ನಾನಕ್ಕೆ ಹೋದದ್ದು, ಕೃಷ್ಣ ಪಾತ್ರೆಯ ಅಂಚಿಗೆ ಅಂಟಿದ್ದ ಒಂದು ಚೂರು ಸೊಪ್ಪನ್ನು ತಿಂದದ್ದು, ನದಿಯಲ್ಲಿದ್ದವರಿಗೆಲ್ಲ ಹೊಟ್ಟೆ ತುಂಬಿದ್ದು. ಮಗಳು ಉಜ್ಜುವುದನ್ನು ನಿಲ್ಲಿಸಿ, "ಅಂದ್ರೆ ದ್ರೌಪದಿ ಸರಿಯಾಗಿ ತೊಳೆದಿರಲಿಲ್ಲ. ನಾನೂ ಸ್ವಲ್ಪ ಬಿಡಲಾ?" ಎಂದಳು. ಕರಡಿಗಳಿಗೆ ದೂರ್ವಾಸರ ಹಾಗೆ ದೂರದಿಂದಲೇ ಹೊಟ್ಟೆ ತುಂಬುವುದಿಲ್ಲ ಎಂದು ಹೇಳಿ ಪೂರ್ತಿ ತೊಳೆಸಿದೆ.

ಆದರೆ ಹೊರಗಿನ ಮಸಿ ಹೋಗಬೇಕಲ್ಲ! ಮನೆಗೆ ಬಂದು ಮೂರು ದಿನ ಉಜ್ಜಿದೆ. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದರೆ ಅವರಿಗೆ ನಗು ತಡೆಯಲಿಲ್ಲ. "ಆ ಹೊಗೆ ತಪ್ಪಿಸಿಕೊಳ್ಳೋಕೆ ನಾನು ಇಪ್ಪತ್ತು ವರ್ಷ ಕಾದೆ ಕಣೋ. ನೀನು ದುಡ್ಡು ಕೊಟ್ಟು ಹೊಗೆ ಕುಡಿಯೋಕೆ ಹೋಗ್ತೀಯಲ್ಲ!" ಎಂದರು. ಅವರು ಹೇಳಿದ್ದು ತಮಾಷೆಯಾದರೂ ನನಗೆ ಚುಚ್ಚಿತು. ಆ ಒಲೆಯ ಮುಂದೆ ಅವರು ಕೆಮ್ಮುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದುದು ನೆನಪಿದೆ. ಸೌದೆ ಒಲೆಯ ಅಡಿಗೆ ರುಚಿ ಎಂದು ನಾವು ಹೇಳುವಾಗ ಮಾಡಿದವರ ಕಣ್ಣನ್ನು ಮರೆತಿರುತ್ತೇವೆ. ಆಮೇಲೆ ಅವರೇ ಉಪಾಯ ಹೇಳಿದರು: ಒಲೆಗೆ ಇಡುವ ಮೊದಲು ಪಾತ್ರೆಯ ಹೊರಮೈಗೆ ಬೂದಿಯನ್ನು ನೀರಲ್ಲಿ ಕಲಸಿ ಬಳಿಯಬೇಕು, ಮಸಿ ಅದರ ಜೊತೆಗೇ ಬಿಟ್ಟು ಬರುತ್ತದೆ. ಮರುವರ್ಷ ಆ ಕೆಲಸ ಮಗಳದು. ಮೊಣಕೈವರೆಗೂ ಬೂದಿ ಮೆತ್ತಿಕೊಂಡು ಬಳಿದಳು. ರಾತ್ರಿ ಒಮ್ಮೆ ತಿಕ್ಕಿದ್ದಕ್ಕೆ ತಪ್ಪಲೆ ಬೆಳ್ಳಗಾಯಿತು.

ಅಜ್ಜಿಗೂ ಮೊಮ್ಮಗಳಿಗೂ ಫೋನಿನಲ್ಲಿ ನಡೆಯುವ ಮಾತು ಅದುವರೆಗೆ ಹೆಚ್ಚೆಂದರೆ ಒಂದು ನಿಮಿಷ. "ಊಟ ಆಯ್ತಾ ಪುಟ್ಟಿ?" "ಆಯ್ತು ಅಜ್ಜಿ." "ಸ್ಕೂಲ್ ಹೇಗಿದೆ?" "ಚೆನ್ನಾಗಿದೆ." ಆಮೇಲೆ ಫೋನು ನನ್ನ ಕೈಗೆ. ಆ ಭಾನುವಾರ ರಾತ್ರಿ ಫೋನು ಅವಳೇ ತೆಗೆದುಕೊಂಡಳು.

"ಅಜ್ಜಿ, ಬೂದಿ ಕೆಲಸ ಮಾಡ್ತು!"

"ಒಲೆ ಬೇಗ ಹೊತ್ತಿತಾ?"

"ಇಲ್ಲ. ಸೌದೆ ಹಸಿ ಇತ್ತು. ಬರೀ ಹೊಗೆ."

"ಗಾಳಿ ಯಾವ ಕಡೆಯಿಂದ ಬರ್ತಿತ್ತು? ನೀನು ಎಲ್ಲಿ ಕೂತಿದ್ದೆ?"

ಮಗಳು ಅಡಿಗೆಮನೆಯ ನೆಲದ ಮೇಲೆ ಕುಳಿತು ವಿವರಿಸತೊಡಗಿದಳು. ನಾನು ಹಿತ್ತಲಿಗೆ ಹೋಗಿ ಒದ್ದೆ ಟೆಂಟನ್ನು ಬೇಲಿಯ ಮೇಲೆ ಹರವಿ, ಕೂಲರ್ ತೊಳೆದು, ಸ್ಲೀಪಿಂಗ್ ಬ್ಯಾಗ್‌ಗಳನ್ನು ಕೊಡವಿ ಒಳಗೆ ಬಂದಾಗಲೂ ಅವರು ಇನ್ನೂ ಬದನೆಕಾಯಿಗೇ ಬಂದಿರಲಿಲ್ಲ.