ಎರಡನೆಯ ಆಸನ

ಸಕಲೇಶಪುರ, ಆಲೂರು ಸೀಮೆಗಳ ಕಾಫಿಗೆ ನ್ಯೂಯಾರ್ಕ್, ಲಂಡನ್ ಪೇಟೆಗಳಲ್ಲಿ ಡಾಲರಿನ ಲೆಕ್ಕದಲ್ಲಿ ಧಾರಣೆ ಕಟ್ಟುವರೆಂಬುದನ್ನು ನಮ್ಮ ಪೋಷಕರು ಬಲ್ಲರು. ದೇಶದೇಶಗಳ ನಾಣ್ಯಗಳ ಸ್ಥಿತಿಯನ್ನು ವಿಚಾರಿಸಿ, ಕಷ್ಟಕ್ಕೊಳಗಾದ ರಾಷ್ಟ್ರಗಳಿಗೆ ಸಾಲ ಕೊಡುವ ಸಂಸ್ಥೆಯೊಂದುಂಟು. ಅದೇ 1944ರ ಬ್ರೆಟನ್ ವುಡ್ಸ್ ಸಮ್ಮೇಳನದಲ್ಲಿ ರೂಪುಗೊಂಡ ಅಂತರ್ರಾಷ್ಟ್ರೀಯ ಹಣಕಾಸು ನಿಧಿ. 1991ರಲ್ಲಿ ನಮ್ಮ ದೇಶವೂ ಅದರಿಂದ ಸಾಲ ಪಡೆಯಿತು. ಮೈಸೂರಿನ ನಿರ್ಮಲಾ ಕಾನ್ವೆಂಟಿನಲ್ಲಿಯೂ ಮಹಾಜನ ಕಾಲೇಜಿನಲ್ಲಿಯೂ ಓದಿದ ಶ್ರೀಮತಿ ಗೀತಾ ಗೋಪಿನಾಥರು 2022ರ ಜನವರಿಯಿಂದ ಅದರ ಪ್ರಥಮ ಉಪ ವ್ಯವಸ್ಥಾಪಕ ನಿರ್ದೇಶಕಿಯಾಗಿದ್ದರು.

'ಉಪ' ಎಂಬುದನ್ನು ಕೇಳಿ ಇದು ಬರಿಯ ಅಲಂಕಾರದ ಪದವಿಯೆಂದು ಎಣಿಸಲಾಗದು. ಮುಖ್ಯಸ್ಥೆಯಾದ ಕ್ರಿಸ್ಟಲಿನಾ ಜಾರ್ಜೀವಾರವರು ಇಲ್ಲದಾಗ ಕಾರ್ಯನಿರ್ವಾಹಕ ಮಂಡಲಿಯ ಅಧ್ಯಕ್ಷತೆಯು ಉಪ ನಿರ್ದೇಶಕಿಗೆ ಬರುತ್ತಿತ್ತು. ಅಲ್ಲಿ ರಾಷ್ಟ್ರಗಳ ಮತಗಳಿಗೆ ಸಮಾನ ತೂಕವಿಲ್ಲ. ಹೆಚ್ಚು ಪಾಲಿನವರಿಗೆ ಹೆಚ್ಚು ಮತ. ಆದರೂ ಬಹುಮಟ್ಟಿಗೆ ಮತವೆಣಿಸದೆ, ಸಭೆಯ ಒಟ್ಟು ಅಭಿಪ್ರಾಯವನ್ನು ಅಧ್ಯಕ್ಷರೇ ಗ್ರಹಿಸಿ ಹೇಳುವುದು ವಾಡಿಕೆ. ದೊಡ್ಡ ರಾಷ್ಟ್ರದ ಗಟ್ಟಿ ದನಿಯ ನಡುವೆ ಸಣ್ಣ ರಾಷ್ಟ್ರದ ಮೆಲುಮಾತೂ ಕಿವಿಗೆ ಬೀಳಬೇಕು. ಸಾಲ ಬೇಡುವವರು ಸಾಮಾನ್ಯವಾಗಿ ಅವರೇ ಅಲ್ಲವೆ! ಪಾಂಡಿತ್ಯಕ್ಕಿಂತಲೂ ಈ ಆಲಿಸುವ ತಾಳ್ಮೆಯೇ ಆ ಆಸನಕ್ಕೆ ಅಗತ್ಯವೆಂದು ನಮ್ಮ ಅಭಿಪ್ರಾಯ.

ಆ ಸ್ಥಾನವು ರೂಢಿಯಿಂದ ಅಮೆರಿಕದವರಿಗೆ ಸಲ್ಲುವುದು. ಗೀತಾರವರೂ ಅಮೆರಿಕದ ಪ್ರಜೆಯೇ. ನಮ್ಮ ಮೈಸೂರಿನವರೆಂದು ಹಿಗ್ಗುವಾಗ ಇದನ್ನು ಮರೆಮಾಚುವುದು ಸರಿಯಲ್ಲ. 2021ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಮರಳಲು ನಿಶ್ಚಯಿಸಿದ್ದ ಅವರು ಈ ಪದವಿಗಾಗಿ ಉಳಿದುಕೊಂಡು, 2025ರ ಆಗಸ್ಟಿನಲ್ಲಿ ಅದನ್ನು ಬಿಟ್ಟು ಅಧ್ಯಾಪನಕ್ಕೆ ಹಿಂದಿರುಗಿದರು.