ಮೂಟೆಯಲ್ಲಿ ಬರೆದ ಪ್ರೊಟೀನ್ ಕೋಳಿಯ ಮೈಗೆ ಎಷ್ಟು ಸೇರುತ್ತೆ?

ಬ್ರಾಯ್ಲರ್ ಫೀಡ್ ಕೊಳ್ಳುವಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ಕೇಳೋದು, 'ಪ್ರೊಟೀನ್ ಎಷ್ಟು ಪರ್ಸೆಂಟ್?' ಮರಿಗಳಿಗೆ ಸುಮಾರು 22-23, ಮಾರಾಟದ ಹೊತ್ತಿಗೆ 19-20 ಇದ್ದರೆ ಸಮಾಧಾನ. ಆದರೆ ಈ ಅಂಕಿ ಅರ್ಧ ಕತೆ ಮಾತ್ರ ಹೇಳುತ್ತೆ.

ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಅಳೆಯೋದು ಸಾರಜನಕವನ್ನು. ಅದನ್ನು 6.25ರಿಂದ ಗುಣಿಸಿದರೆ ಪ್ರೊಟೀನ್ ಲೆಕ್ಕ ಸಿಗುತ್ತೆ. ಹಾಗಾಗಿ ಯೂರಿಯಾ ಬೆರೆಸಿದ ಹಿಂಡಿಗೂ ಒಳ್ಳೇ ಅಂಕ ಬಂದೀತು! ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಯೂರಿಯಾವನ್ನು ಅಲ್ಪಸ್ವಲ್ಪ ಬಳಸಿಕೊಳ್ಳುತ್ತವೆ. ಕೋಳಿಗೆ ಆ ಅನುಕೂಲ ಇಲ್ಲ.

ಹೊಟ್ಟೆಯೊಳಗೆ

ತಿಂದ ಪ್ರೊಟೀನ್ ಹಾಗೇ ಮಾಂಸ ಆಗೋದಿಲ್ಲ. ಜಠರದ ಆಮ್ಲ, ಸಣ್ಣ ಕರುಳಿನ ಕಿಣ್ವಗಳು ಸೇರಿ ಅದನ್ನು ಅಮೈನೋ ಆಮ್ಲಗಳಾಗಿ ಒಡೆಯುತ್ತವೆ. ಇವು ರಕ್ತಕ್ಕೆ ಸೇರಿದ ಮೇಲೆ ಕೋಳಿ ತನಗೆ ಬೇಕಾದಂತೆ ಮತ್ತೆ ಜೋಡಿಸಿಕೊಳ್ಳುತ್ತೆ. ಮಾಂಸ ಬೆಳೆಯೋದಕ್ಕೆ ಲೈಸಿನ್ ಬಹಳ ಬೇಕು. ಗರಿಗೆ ಮೆಥಿಯೋನಿನ್ ಮತ್ತು ಅದರಿಂದಲೇ ತಯಾರಾಗುವ ಸಿಸ್ಟೀನ್ ಬೇಕು. ಲೈಸಿನ್, ಮೆಥಿಯೋನಿನ್ ಎರಡನ್ನೂ ಕೋಳಿ ತಾನಾಗಿ ತಯಾರಿಸಲಾರದು, ಆಹಾರದಲ್ಲೇ ಬರಬೇಕು.

ಇಡ್ಲಿಗೆ ಅಕ್ಕಿ ಮೂಟೆಗಟ್ಟಲೆ ಇದ್ದು, ಉದ್ದು ಒಂದೇ ಸೇರು ಇದ್ದರೆ ಇಡ್ಲಿ ಎಷ್ಟಾದೀತು? ಉದ್ದಿಗೆ ತಕ್ಕಷ್ಟೇ. ಇಲ್ಲೂ ಹಾಗೇ. ಯಾವುದು ಕಡಿಮೆಯೋ ಅದು ಮುಗಿದ ಕೂಡಲೇ ಉಳಿದ ಅಮೈನೋ ಆಮ್ಲಗಳು ದಂಡ.

ನೆಲಗಡಲೆ ಹಿಂಡಿಯಲ್ಲೂ ಸೋಯಾ ಹಿಂಡಿಯಲ್ಲೂ ಪ್ರೊಟೀನ್ ಹೆಚ್ಚುಕಮ್ಮಿ ಸಮ, 40-45ರ ಆಸುಪಾಸು. ಆದರೆ ನೆಲಗಡಲೆಯಲ್ಲಿ ಲೈಸಿನ್ ಸೋಯಾದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಜೋಳವೂ ಲೈಸಿನ್‌ನಲ್ಲಿ ಬಡವ. ಇವೆರಡನ್ನೇ ನಂಬಿದರೆ ಕಾಗದದಲ್ಲಿ 22 ಇದ್ದರೂ ಕೋಳಿ ಏಳೋದಿಲ್ಲ. ಸೋಯಾದಲ್ಲಿ ಕೊರತೆ ಇರೋದು ಮೆಥಿಯೋನಿನ್‌ದು. ಅದಕ್ಕೇ ಫೀಡಿಗೆ ಮೆಥಿಯೋನಿನ್ ಪ್ರತ್ಯೇಕ ಸೇರಿಸೋದು.

ದಂಡವಾದದ್ದು ಎಲ್ಲಿಗೆ?

ಒಂದು ಅಂದಾಜು ಲೆಕ್ಕ ಹಾಕಿ ನೋಡೋಣ. ಎರಡು ಕಿಲೋ ತೂಗುವಷ್ಟರಲ್ಲಿ ಕೋಳಿ 3.3 ಕಿಲೋ ತಿಂದಿದೆ ಅನ್ನಿ. ಸರಾಸರಿ 20 ಪರ್ಸೆಂಟಿನಂತೆ 660 ಗ್ರಾಂ ಪ್ರೊಟೀನ್. ಅದರ ಮೈಯಲ್ಲಿರೋದು ಸುಮಾರು 350 ಗ್ರಾಂ. ಉಳಿದ 310 ಗ್ರಾಂ ಲಿಟ್ಟರಿಗೆ ಹೋಯಿತು. ಅಂದರೆ ಕೋಳಿಯೊಂದಕ್ಕೆ 50 ಗ್ರಾಂ ಸಾರಜನಕ. ಅಡಿಕೆ ಮರಕ್ಕೆ ವರ್ಷಕ್ಕೆ ಶಿಫಾರಸು ಮಾಡಿದ್ದು 100 ಗ್ರಾಂ. 500 ಕೋಳಿಯ ಒಂದು ಬ್ಯಾಚಿನಲ್ಲಿ 25 ಕಿಲೋ, ಅಂದರೆ ಒಂದು ಮೂಟೆಗಿಂತ ಹೆಚ್ಚು ಯೂರಿಯಾಕ್ಕೆ ಸಮ!

ಆದರೆ ಅದು ಪೂರ್ತಿ ತೋಟಕ್ಕೆ ಸಿಗೋದಿಲ್ಲ. ಹೆಚ್ಚಾದ ಅಮೈನೋ ಆಮ್ಲಗಳನ್ನು ಕೋಳಿ ಒಡೆದು ಯೂರಿಕ್ ಆಮ್ಲ ಮಾಡಿ ಹೊರಹಾಕುತ್ತೆ. ಹಿಕ್ಕೆಯ ಬಿಳಿ ಭಾಗ ಅದೇ. ಒದ್ದೆ ಲಿಟ್ಟರಿನಲ್ಲಿ ಅದು ಅಮೋನಿಯಾ ಆಗಿ ಹಾರುತ್ತೆ. ಕಣ್ಣು ಉರಿಯುತ್ತೆ, ಕೋಳಿಗೆ ಉಸಿರಾಟದ ತೊಂದರೆ. ಹೆಚ್ಚುವರಿಯನ್ನು ಒಡೆದು ಹೊರಹಾಕೋ ಕೆಲಸಕ್ಕೆ ಶಕ್ತಿ ಖರ್ಚು, ಮೈ ಬಿಸಿಯೂ ಏರುತ್ತೆ. ಏಪ್ರಿಲ್-ಮೇ ಸೆಕೆಯಲ್ಲಿ ಏದುಸಿರು ಬಿಡುವ ಕೋಳಿಗೆ ಇದು ಇನ್ನೊಂದು ಹೊರೆ.

ನಾವು ಗಮನಿಸಬೇಕಾದ್ದು

* ಪ್ರೊಟೀನ್ ಜತೆ ಲೈಸಿನ್, ಮೆಥಿಯೋನಿನ್ ಎಷ್ಟು ಅಂತ ಕೇಳಿ.

* ತಯಾರಿ ಫೀಡಿಗೆ ತೌಡು, ಹಿಂಡಿ ಬೆರೆಸಿ 'ಉಳಿತಾಯ' ಮಾಡಬೇಡಿ. ತೌಡು ಅಮೈನೋ ಆಮ್ಲಗಳನ್ನು ತೆಳುವಾಗಿಸುತ್ತೆ, ಹಿಂಡಿ ಸಮತೋಲ ಕೆಡಿಸುತ್ತೆ.

* ಶಕ್ತಿ ಕೊಡುವ ಜೋಳ ಕಡಿಮೆಯಾದರೆ ದುಬಾರಿ ಪ್ರೊಟೀನನ್ನೇ ಕೋಳಿ ಉರಿಸಿಕೊಳ್ಳುತ್ತೆ.

* ಸೋಯಾ ಹಿಂಡಿ ಹದವಾಗಿ ಬೆಂದಿರಬೇಕು. ಹಸಿಯಾಗಿದ್ದರೆ ಪ್ರೊಟೀನ್ ಜೀರ್ಣಕ್ಕೆ ಅಡ್ಡಿ. ಕರಿದು ಕಂದಾಗಿದ್ದರೆ ಲೈಸಿನ್ ನಷ್ಟ.

* ಬೂಸ್ಟು ಹಿಡಿದ ನೆಲಗಡಲೆ ಹಿಂಡಿ ಬೇಡವೇ ಬೇಡ. ಅದರ ಅಫ್ಲಾಟಾಕ್ಸಿನ್ ವಿಷ ಪಿತ್ತಜನಕಾಂಗವನ್ನೇ ಹಾಳುಮಾಡುತ್ತೆ.

* ವಯಸ್ಸಿಗೆ ಸರಿಯಾಗಿ ಫೀಡ್ ಬದಲಿಸಿ. ದೊಡ್ಡ ಕೋಳಿಗೆ ಮರಿ ಫೀಡ್ ಹಾಕಿದರೆ ಹಣ ಲಿಟ್ಟರಿಗೆ ಹೋದಂತೆ.

* ನೀರು ಸೋರದಂತೆ ನೋಡಿ, ಲಿಟ್ಟರ್ ಕೆದಕಿ ಒಣಗಿಸಿ, ಗಾಳಿಯಾಡಲಿ.

ಮುಂದಿನ ಬ್ಯಾಚಿನಲ್ಲಿ ತಿಂದ ಫೀಡನ್ನೂ ಮಾರಿದ ತೂಕವನ್ನೂ ಬರೆದಿಟ್ಟು ಭಾಗಿಸಿ ನೋಡಿ. ಒಂದು ಕಿಲೋ ಕೋಳಿಗೆ ಎಷ್ಟು ಕಿಲೋ ಫೀಡ್ ಬಿತ್ತು ಅನ್ನೋದು ಗೊತ್ತಾದರೆ ಯಾವ ಮೂಟೆ ನಿಜಕ್ಕೂ ಅಗ್ಗ ಅಂತ ಅದೇ ಹೇಳುತ್ತೆ.